ಮುಚ್ಚುವ ಮೊದಲು

ಹತ್ತೊಂಬತ್ತು ಬೇಸಿಗೆ ರೂವಿಯ ಛಾವಣಿಗಳ ಮೇಲೆ ಕಳೆದವನು ನಾನು.
ಕಂಪ್ರೆಸರಿನ ಎದೆಗೆ ಕಿವಿಗೊಟ್ಟು
ಇದು ಗ್ಯಾಸಿನ ಕೆಮ್ಮು, ಇದು ಬೇರಿಂಗಿನ ನರಳಾಟ
ಎಂದು ಹೇಳಬಲ್ಲವನು.
ಬೆನ್ನಿನ ಒಂದು ಬಿಲ್ಲೆ ಜಾರಿದ್ದೇ ನೆಪ,
ಕೆಳಗಿಳಿಸಿ ಕುರ್ಚಿ ಕೊಟ್ಟರು,
ಜತೆಗೊಂದು ವಿಚಿತ್ರ ಕೆಲಸ:

"ಇನ್ನು ದೂರು ಕೇಳುವುದು ಯಂತ್ರ, ಇಸುಬು.
ಅದಕ್ಕೆ ಹನ್ನೊಂದು ಉಪಕರಣ ಕೊಟ್ಟಿದ್ದೇವೆ.
ಯಾವುದು ಯಾವಾಗ, ಯಾವುದು ಬೇಡವೇ ಬೇಡ,
ನೀನು ಹೇಳು, ರಯ್ಯಾ ಬರೆಯುತ್ತಾಳೆ."

ಉಪಕರಣವೆಂದರೆ ನನಗೆ ಸ್ಪ್ಯಾನರು, ಗೇಜು,
ಹಲ್ಲಿನಲ್ಲಿ ಕಚ್ಚಿಕೊಂಡ ಸ್ಕ್ರೂಗಳು.
ಇಲ್ಲಿ ತೂಕವೇ ಇಲ್ಲದ ಹೆಸರುಗಳು:
ವಿಳಾಸ ಹುಡುಕು. ದಿನ ಗೊತ್ತುಮಾಡು. ಮೆಕ್ಯಾನಿಕ್ ಕಳಿಸು.
ಹಣ ವಾಪಸು. ದೂರು ಮುಚ್ಚು.

ಹೊಸ ಹುಡುಗನಿಗೆ ಹೇಳುವ ಹಾಗೆ ಹೇಳಿದೆ.
ಹೊಸ ಹುಡುಗ ತಪ್ಪು ತಿಳಿದರೆ ಮುಖದಲ್ಲೇ ಗೊತ್ತಾಗುತ್ತದೆ,
ಇದಕ್ಕೆ ಮುಖವಿಲ್ಲ.
ಹೇಳಿದಷ್ಟನ್ನು ಹಿಡಿದುಕೊಳ್ಳುತ್ತದೆ, ಹೇಳದ್ದನ್ನು
ತಾನೇ ಹೊಂದಿಸಿಕೊಳ್ಳುತ್ತದೆ,
ಅದೂ ಎಷ್ಟು ನಯವಾಗಿ.

'ಮೆಕ್ಯಾನಿಕ್ ಕಳಿಸು' ಎಂಬುದರ ಕೆಳಗೆ ಬರೆಸಿದೆ:
"ಮೊದಲು ಕೇಳು, ಮೇಲೆ ಹತ್ತಲು ಏಣಿ ಇದೆಯೇ, ಬೀಗದ ಕೈ ಯಾರ ಬಳಿ.
ವಿಲ್ಲಾ ಅಂದರೆ ವಿಲ್ಲಾ ಎಂದೇ ತಿಳಿಯಬೇಡ,
ಆರು ಸಂಸಾರ ತುಂಬಿಕೊಂಡಿದ್ದರೂ ಹಾಗೇ ಅನ್ನುತ್ತಾರೆ.
ಜೂನ್‌ನಲ್ಲಿ ಹನ್ನೆರಡೂವರೆಯಿಂದ ಮೂರೂವರೆ ಛಾವಣಿಗೆ ಯಾರನ್ನೂ ಹತ್ತಿಸಬೇಡ.
ಕಾಯಿಸಿದ್ದಕ್ಕೆ ಬೈದರೆ ಬೈಸಿಕೋ."
ಕೊನೆಯ ಮಾತಿಗೆ ರಯ್ಯಾ ನಕ್ಕಳು,
ಆದರೂ ಬರೆದಳು.

'ದೂರು ಮುಚ್ಚು' ಬಂದಾಗ ಅಸರ್ ಬಾಂಗಿನ ಹೊತ್ತು,
ನನಗೆ ಏಳುವ ಅವಸರ.
"ಕೆಲಸ ಆಗಿದ್ದರೆ ಮುಚ್ಚು. ಎರಡು ಸಲ ಕೇಳಿಯೂ ಉತ್ತರ ಬರದಿದ್ದರೆ
ಆಗಿದೆ ಎಂದು ತಿಳಿ."
ಮೌನಂ ಸಮ್ಮತಿ ಲಕ್ಷಣಂ, ಪದ್ಮಯ್ಯ ಮಾಸ್ತರು
ಬೆತ್ತ ಹಿಡಿದು ಕಲಿಸಿದ್ದು,
ನಾಲಗೆಯ ತುದಿಯಲ್ಲೇ ಇತ್ತು.

ಯಂತ್ರ ಶ್ರದ್ಧೆಯಿಂದ ಪಾಲಿಸಿತು.

ಜೂನ್ ಮೂರನೇ ವಾರ, ಘಾಲಾದ ಕೂಲಿಗಳ ಬಿಡಾರ,
ಹದಿನಾಲ್ಕನೇ ಕೋಣೆ. ಎಂಟು ಮಂಚ, ಒಂದು ಏಸಿ,
ದೂರಿಗೆ ಕೊಟ್ಟದ್ದು ಶಫೀಕುಲ್‌ನ ನಂಬರು.
ಅವನಿಗೆ ರಾತ್ರಿಪಾಳಿ,
ಗೇಟಿನಲ್ಲಿ ಫೋನು ಒಪ್ಪಿಸಿ ಒಳಹೋಗಬೇಕು.
ಸಂಜೆ ಏಳಕ್ಕೆ: "ಸರಿಯಾಯಿತೇ?"
ಹತ್ತಕ್ಕೆ: "ಸರಿಯಾಯಿತೇ?"
ಹತ್ತೂ ಐದಕ್ಕೆ: "ಸಹಕಾರಕ್ಕೆ ಧನ್ಯವಾದ. ನಿಮ್ಮ ದೂರು ಮುಚ್ಚಲಾಗಿದೆ."

ಆ ರಾತ್ರಿ ಏಳು ಜನ ಹೊದಿಕೆ ನೆನೆಸಿಕೊಂಡು
ಅಂಗಳದ ಸಿಮೆಂಟಿನ ಮೇಲೆ ಬಿದ್ದುಕೊಂಡಿದ್ದರು.
ಯಾರಿಗೂ ಏನೂ ಆಗಲಿಲ್ಲ.
(ಹೀಗೆ ಹೇಳುವಾಗೆಲ್ಲ ನನ್ನ ದನಿ ತುಸು ಏರುತ್ತದೆ.)
ಪಟ್ಟಿಯಲ್ಲಿ ಮಾತ್ರ ಹಸಿರು ಗುರುತು,
ನನ್ನದೇ ವಾಕ್ಯದ ದಯೆಯಿಂದ.

ರಯ್ಯಾ ಯಂತ್ರವನ್ನು ಬೈಯಲಿಲ್ಲ, ನನ್ನನ್ನೂ.
ಪರದೆಯನ್ನು ನನ್ನತ್ತ ತಿರುಗಿಸಿ ಕೇಳಿದಳು:
"ನಿಮ್ಮ ಭಾಷೆಯಲ್ಲಿ ಮುಚ್ಚುವುದು ಅಂದರೆ ಏನೇನು?"
ಎಣಿಸಿದೆ. ಬಾಗಿಲು. ಪಾತ್ರೆಗೆ ತಟ್ಟೆ.
ಗಾಯಕ್ಕೆ ಬಟ್ಟೆ. ತಪ್ಪಿನ ಮೇಲೆ ಮಾತು.
ಮಣ್ಣು.
ಮುಗಿಯುವುದು ಬೇರೆ, ಅದಕ್ಕೆ ಬೇರೆಯೇ ಪದವಿದೆ.

ಅಳಿಸಿದೆವು. ಮತ್ತೆ ಹೇಳಿದೆ, ಈ ಸಲ ನಿಧಾನ:
"ಆ ಕೋಣೆಯಲ್ಲಿ ಮಲಗುವವರು ಯಾರಾದರೂ
ತಣ್ಣಗಾಗಿದೆ ಎಂದು ಹೇಳಿದ ಮೇಲಷ್ಟೇ ಮುಚ್ಚು.
ಉತ್ತರ ಬರದಿದ್ದರೆ, ಬಂದಿಲ್ಲ ಎಂದಷ್ಟೇ ತಿಳಿ.
ಬ್ಯಾಟರಿ ಸತ್ತಿರಬಹುದು, ಪಾಳಿಯಲ್ಲಿರಬಹುದು,
ಓದಲು ಬಾರದಿರಬಹುದು,
ಹೇಳಿ ಹೇಳಿ ಸಾಕಾಗಿರಬಹುದು.
ಆಗ ಈ ಉಪಕರಣ ಮುಟ್ಟಬೇಡ. ಮನುಷ್ಯನನ್ನು ಕರೆ.
ಯಾರೂ ಸಿಗದಿದ್ದರೆ ಇಸುಬುವನ್ನು ಕರೆ"
ಎಂದು ನನ್ನ ನಂಬರು ಹೇಳಿದೆ.
"ಇದರಲ್ಲಿ ಹೆಸರು ಹಾಕುವಂತಿಲ್ಲ" ಎಂದಳು ರಯ್ಯಾ.
ಹಾಕಿದಳು.

ನಿನ್ನೆ ರಾತ್ರಿ ಎರಡಕ್ಕೆ ಫೋನು. ಅದೇ ನಯವಾದ ದನಿ:
"ವಾದಿ ಕಬೀರ್, ಮೂರನೇ ಮಹಡಿ. ಉತ್ತರ ಬರುತ್ತಿಲ್ಲ.
ನಾನು ಮುಚ್ಚಿಲ್ಲ."
ಎದ್ದು ಸೊಂಟಕ್ಕೆ ಪಟ್ಟಿ ಬಿಗಿದು
ಕತ್ತಲಲ್ಲಿ ಸ್ಪ್ಯಾನರಿನ ಚೀಲಕ್ಕೆ ತಡಕಾಡಿದೆ.
ಎಲ್ಲಿಟ್ಟಿದ್ದೆನೋ,
ಯಾರೂ ಬರೆದಿಟ್ಟಿರಲಿಲ್ಲ.