ಪುಟ ಎರಡು: ಅಭ್ಯಾಸಗಳು

ವಕ್ಕಲೇರಿಯ ಬಸ್ಸು ತಪ್ಪಿ
ಹಾಲಿನ ಕ್ಯಾನುಗಳ ಟೆಂಪೋದಲ್ಲಿ ಬಂದೆವು ಆರು ಮಂದಿ,
ಬಿಳಿ ಕೋಟು ಮಡಿಲಲ್ಲಿ ಮಡಚಿಟ್ಟು.
ರಾತ್ರಿ ಕ್ಯಾಶುವಾಲ್ಟಿ ಮುಗಿಸಿದ ಕಣ್ಣು
ಇನ್ನೂ ಅಲ್ಲೇ ಇತ್ತು, ಕೋಲಾರದಲ್ಲಿ,
ಮಿಣುಕುವ ಟ್ಯೂಬ್‌ಲೈಟಿನ ಕೆಳಗೆ.
ಸಮುದಾಯ ವೈದ್ಯಕೀಯ. ತಲೆಗೆ ಹತ್ತು ಮನೆ,
ಮನೆಗೆ ನಾಲ್ಕು ಪುಟ.

ನನಗೆ ಸಿಕ್ಕಿದ್ದು ನೀರಿನ ಘಟಕದ ಪಕ್ಕದ ಮನೆ.
ಐದು ರೂಪಾಯಿ ನುಂಗಿ ಇಪ್ಪತ್ತು ಲೀಟರ್ ಉಗುಳುವ ಯಂತ್ರ
ಮೂರು ದಿನದಿಂದ ಬಾಯಿ ಕಟ್ಟಿಕೊಂಡಿತ್ತು.
ಜಗಲಿಯ ಮೇಲೆ ಗಂಗುಲಮ್ಮ ಅವರೆಕಾಯಿ ಸುಲಿಯುತ್ತಿದ್ದರು.
ನಕ್ಕಾಗ ಹಲ್ಲಿನ ಮೇಲೆ ಕಂದು ಗೆರೆಗಳು:
ಪರೀಕ್ಷೆಗೆಂದು ಬಣ್ಣದ ಚಿತ್ರದಲ್ಲಿ ಉರು ಹೊಡೆದಿದ್ದ
ಹಳೆಯ ಕೊಳವೆಬಾವಿ.

ದಿನಕ್ಕೆ ಎಷ್ಟು ಹೊತ್ತು ಊಟ, ಅಂದೆ.
ನೀನೆಷ್ಟು ಹೊತ್ತು, ಅಂದರು.
ಹಾಗೆ ಕೇಳೋ ಹಂಗಿಲ್ಲ ಅಜ್ಜಿ, ಇದು ಫಾರಮ್ಮು.
ಫಾರಮ್ಮಿಗೆ ಬಾಯಿಲ್ಲ, ನಿನಗೈತಲ್ಲ. ಹೇಳು.

ಮೂರು ಹೊತ್ತು, ಅಂದೆ.

ನಿನ್ನೆ ಮಧ್ಯಾಹ್ನ ಅರ್ಧ ಪ್ಲೇಟು ಪುಳಿಯೋಗರೆ.
ರಾತ್ರಿ ಎರಡಕ್ಕೆ ಸಿಸ್ಟರ್ ಫಿಲೋಮಿನಾ
ಸಿರಿಂಜಿನ ಟ್ರೇ ಪಕ್ಕ ಇಟ್ಟುಹೋದ ನಾಲ್ಕು ಬಿಸ್ಕತ್ತು.

ನೀರು? ಎರಡು ಲೀಟರು.
ಡ್ಯೂಟಿ ರೂಮಿನ ಸಂಡಾಸಿಗೆ ಚಿಲಕವಿಲ್ಲ,
ಅದಕ್ಕೇ ನೀರಿನ ಬಾಟಲಿಗೆ ಮುಚ್ಚಳ ತೆಗೆಯುವ ಕೆಲಸವೂ ಇಲ್ಲ.

ನಿದ್ದೆ? ಏಳು ತಾಸು.
ನಲವತ್ತು ನಿಮಿಷ, ಶೂ ಬಿಚ್ಚದೆ,
ಖಾಲಿ ಸ್ಟ್ರೆಚರಿನ ಮೇಲೆ; ಎಬ್ಬಿಸಿದ ವಾರ್ಡ್‌ಬಾಯ್
ಒಂದು ಗಳಿಗೆ ನನ್ನನ್ನು ಕೇಸು ಅಂದುಕೊಂಡಿದ್ದ.

ಮೈಗೆ ಕೆಲಸ? ಅಂತರಗಂಗೆ ಬೆಟ್ಟ ಹತ್ತುತ್ತೇನೆ, ಭಾನುವಾರ.
ಹತ್ತಿದ್ದು ಒಂದೇ ಸಲ, ಮೊದಲ ವರ್ಷ.
ಕೋತಿ ಚಿಪ್ಸು ಕಿತ್ತುಕೊಂಡ ಮೇಲೆ ಆ ಕಡೆ ಹೋಗಿಲ್ಲ.

ಗಂಗುಲಮ್ಮ ಏನನ್ನೂ ಬರೆದುಕೊಳ್ಳಲಿಲ್ಲ.
ಒಳಗಿದ್ದ ಸೊಸೆಗೆ ತೆಲುಗಿನಲ್ಲಿ ಏನೋ ಅಂದರು, ಸೊಸೆ ನಕ್ಕಳು.
ಇಂಡಿ ಕಡೆಯವಳು ನಾನು. ಐದು ವರ್ಷದಲ್ಲಿ ಕಲಿತ ತೆಲುಗು
'ನೊಪ್ಪಿ ಎಕ್ಕಡ', ಅಷ್ಟೇ.
ಆದರೂ ಒಂದು ಪದ ತಿಳಿಯಿತು:
ಅಬದ್ಧ.

ಕಿವಿ ಬಿಸಿಯಾಯಿತು. ಒಂಬತ್ತನೇ ಮಂಚ ನೆನಪಾಯಿತು.
ಟೊಮ್ಯಾಟೋ ಮಂಡಿಯಲ್ಲಿ ಕ್ರೇಟು ಹೊರುವ ಮುನಿಶಾಮಿ.
ಬೀಡಿ ಬಿಟ್ಟು ವರ್ಷವಾಯ್ತು ಮೇಡಂ ಅಂದಾಗ
ನನ್ನ ಸ್ಟೆತೊಸ್ಕೋಪು ಅವನ ಜೇಬಿನ ಕಟ್ಟಿಗೇ ತಾಗಿತ್ತು.
ಇಡೀ ವಾರ್ಡು ಕೇಳುವಂತೆ ಬೈದಿದ್ದೆ.
ಅವನದೂ ಇದೇ ದನಿ,
ಮೇಷ್ಟ್ರ ಮುಂದೆ ನಿಂತ ಹುಡುಗನ ದನಿ;
ಮೋಸಕ್ಕಲ್ಲ,
ಬೈಸಿಕೊಳ್ಳದೆ ಮನೆ ಸೇರಲಿಕ್ಕೆ.

ತಟ್ಟೆ ಬಂತು. ಮುದ್ದೆ, ಅವರೆಕಾಳಿನ ಸಾರು.
ಜೋಳದ ರೊಟ್ಟಿಯ ಹಲ್ಲು ನನ್ನದು, ಅಗಿಯತೊಡಗಿದೆ.
ಅಗೀಬ್ಯಾಡ, ನುಂಗು.
ಜೀರ್ಣಕ್ರಿಯೆ ಬಾಯಲ್ಲೇ ಶುರು ಅಜ್ಜಿ, ಎನ್ನಹೋದೆ.
ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು,
ಮುದ್ದೆ ಇಳಿದುಹೋಯಿತು.

ಪುಟ ಎರಡರ ಮೂಲೆಯಲ್ಲಿ ಸಾರಿನ ಕಲೆ ಬಿತ್ತು.
ಅದನ್ನು ಪ್ರೊಫೆಸರು ಕೆಂಪು ಶಾಯಿಯಲ್ಲಿ ಸುತ್ತಿ
ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟರು.

ಸೋಮವಾರ, ಒಂಬತ್ತನೇ ಮಂಚ.
ಬೀಡಿ ಸೇದುತ್ತೀಯಾ ಎಂದು ಕೇಳಲಿಲ್ಲ.
ಕೊನೇದು ಯಾವಾಗ, ಅಂದೆ.
ಬಾಗಿಲು ನೋಡಿದ, ಸಿಸ್ಟರನ್ನು ನೋಡಿದ, ನನ್ನ ಪೆನ್ನು ನೋಡಿದ.
ಬೆಳಿಗ್ಗೆ. ಎರಡು.
ಬರೆದುಕೊಂಡೆ. ಅವನು ಇನ್ನೂ ಕಾಯುತ್ತಿದ್ದ, ಬೈಗುಳಕ್ಕೆ.
ಬೆನ್ನು ತಿರುಗಿಸು, ಉಸಿರೆಳೆ, ಅಂದೆ.

ಚಿಲಕ ಇನ್ನೂ ಬಂದಿಲ್ಲ.
ಬ್ಯಾಂಡೇಜು ಬಟ್ಟೆಯ ತುಂಡನ್ನು ಕೊಂಡಿಗೆ ಕಟ್ಟಿ
ಒಳಗಿನಿಂದ ಹಿಡಿದುಕೊಳ್ಳುತ್ತೇವೆ, ಹುಡುಗಿಯರೆಲ್ಲ.
ನೀರು ಕುಡಿಯುತ್ತಿದ್ದೇನೆ.
ನಿನ್ನೆ, ಒಂದೂವರೆ ಲೋಟ.
ಇದು ನಿಜ.