ಬಿಡಿ ನಾಲಗೆ

ಆರು ಮಿಲಿಮೀಟರ್ ಹಲಗೆ.
ಮೊಳೆ ಹೊಡೆದರೆ ಸೀಳುತ್ತದೆ, ಸ್ಕ್ರೂ ಮಾತೇ ಬೇಡ,
ಬರೀ ಅಂಟು ಅಂದಿರೋ, ಅಡ್ಡ ಕೊಯ್ದ ತಲೆ
ಅದನ್ನು ಶರಬತ್ತಿನ ಹಾಗೆ ಕುಡಿದು
ನಾಳೆ ಕೈಬಿಡುತ್ತದೆ.

ಅಜ್ಮಾನಿನ ಸನಾಯ್ಯಾ, ಹಿಂದಿನ ಗಲ್ಲಿ,
ಟಯರ್ ಅಂಗಡಿಗೂ ಕರಕ್ ಚಹಾದ ಕಿಟಕಿಗೂ ನಡುವೆ ನಮ್ಮ ಶೆಡ್ಡು.
ಫೋರ್‌ಮನ್ ಕುಂಞಾಲಿ ಪಿನ್ ಗನ್ ತೋರಿಸುತ್ತಾನೆ:
"ಠಕ್ ಠಕ್ ಎರಡು, ಮುಗಿಯಿತು, ಆಚಾರೀ."
ನಿನ್ನೆಯ ಠಕ್ ಠಕ್ ಮೂಲೆಯಲ್ಲಿ ಬಿದ್ದಿದೆ,
ಉದ್ದಕ್ಕೆ ಬಿರಿದು.

ಇಷ್ಟು ತೆಳು ಹಲಗೆಗೆ
ಸ್ವಂತ ನಾಲಗೆ ಕೆತ್ತಿಕೊಳ್ಳಲು ಮೈಯೇ ಇಲ್ಲ.
ಎರಡಕ್ಕೂ ಬಾಯಿ ಮಾತ್ರ ಕೊರೆ,
ನಾಲಗೆ ಬೇರೆ ಮಾಡು.
ಮೂರರಲ್ಲೊಂದು ಪಾಲು ದಪ್ಪ, ಅಂದರೆ ಎರಡು,
ಅಂದರೆ ಒಂದು ದಿರ್ಹಮ್.
ಜೇಬಿನ ನಾಣ್ಯ ಇಟ್ಟು ನೋಡಿದೆ, ಸುಳ್ಳಲ್ಲ.

ಯಾವುದೋ ವಿಲ್ಲಾದ ಬಾಗಿಲಲ್ಲಿ ಮಿಕ್ಕ ತೇಗದ ಚೂರು,
ಹೆರೆದು, ಉಗುರಿನಷ್ಟಗಲ,
ಅಂಚು ದುಂಡಗೆ, ಮೈಮೇಲೆ ಸಣ್ಣ ಗೀರು.
ಬಾಯಿ ಕೂದಲೆಳೆ ಆಳ ಹೆಚ್ಚೇ ಇರಲಿ,
ಅಂಟಿಗೂ ನಿಲ್ಲಲು ಜಾಗ ಬೇಕಲ್ಲ.
ನಿಡೋ ಡಬ್ಬಿಯ ತಳದಲ್ಲಿ ಹದಿನೇಳು ಆದವು.
ಹದಿನಾರು ಸಾಕಿತ್ತು.

ಆಗಸ್ಟಿನಲ್ಲಿ ಅಂಟು ಯಾರನ್ನೂ ಕಾಯುವುದಿಲ್ಲ.
ಬೆಳಗಿನ ಬಾಂಗಿಗೆ ಮುಂಚೆಯೇ
ಗುಲ್ ಜಮಾನ್ ಎದುರು ತುದಿ ಹಿಡಿದ.
ಪೇಶಾವರದಿಂದಲೂ ಆಚೆಯವನು; ಅವನ ಮಾತು ನನಗೆ ಬಾರದು,
ನನ್ನದು ಅವನಿಗೆ.
"ಶುವಯ್ಯಾ, ಶುವಯ್ಯಾ," ಅಂದ.
"ಬಸ್," ಅಂದೆ.
ಅಷ್ಟರಲ್ಲಿ ನಾಲ್ಕು ಮೂಲೆ ಕೂಡಿತು.

ಬಖೂರ್ ಇಡುವ ಪೆಟ್ಟಿಗೆ, ಮಗಳ ಮದುವೆಗೆ.
ಮಾಡಿಸಿದ ಹೆಂಗಸು ತಿರುಗಿಸಿ ನೋಡಿದಳು,
ಬೆರಳ ಗೆಣ್ಣಿನಿಂದ ಕುಟ್ಟಿದಳು,
ಮೂಲೆಗಳಲ್ಲಿ ಮೊಳೆಯ ತಲೆ ಹುಡುಕಿದಳು:
"ಮಿಸ್ಮಾರ್?"
"ಮಾಫಿ," ಅಂದೆ.
ಒಳಗಿನ ಹದಿನಾರೂ ತುಟಿಪಿಟಕ್ಕೆನ್ನಲಿಲ್ಲ.
ದುಡ್ಡು ಎಣಿಸುತ್ತ ಕುಂಞಾಲಿ,
"ನಾನು ಹೇಳಲಿಲ್ಲವಾ, ಹೀಗೇ ಮಾಡು ಅಂತ?"

ಹದಿನೇಳನೆಯದು ಅಂಗಿಯ ಜೇಬಲ್ಲೇ ಉಳಿದು
ಶುಕ್ರವಾರದ ಒಗೆತದಲ್ಲಿ ನೆನೆದು ಊದಿತು.
ಇನ್ನು ಯಾವ ಬಾಯಿಗೂ ಹೋಗದು.
ರೂಮಿನ ಎಸಿಯ ಜಾಲರಿ ರಾತ್ರಿಯಿಡೀ
ಗಡಗಡ ಅನ್ನುತ್ತಿತ್ತಲ್ಲ, ಎರಡು ವರ್ಷದಿಂದ,
ಆ ಸಂದಿಗೆ ಹೆಬ್ಬೆರಳಿಂದ ಒತ್ತಿದೆ.

ಕೆಳಗಿನ ಬಂಕಿನಲ್ಲಿ ಗುಲ್ ಜಮಾನ್
ಸದ್ದು ನಿಂತದ್ದಕ್ಕೇ ಎಚ್ಚರಾಗಿ,
ಏನೋ ಪಶ್ತೋದಲ್ಲಿ ಗೊಣಗಿ,
ಮಗ್ಗುಲು ಬದಲಿಸಿದ.