ಯಾವ ಹಲ್ಲು?

"ಯಾವ ಹಲ್ಲು?" ಎಂದಳು ಔಷಧಿ ಅಂಗಡಿಯ ಹುಡುಗಿ,
ಲವಂಗದೆಣ್ಣೆಯ ಪುಟ್ಟ ಸೀಸೆ ಕೊಡದೆ ಕೈಯಲ್ಲೇ ಹಿಡಿದು.
"ಹಿಂದಿನ ದವಡೆ" ಎಂದೆ. ಎಡಗೆನ್ನೆ ಒತ್ತಿಯೂ ತೋರಿಸಿದೆ.
ನಲವತ್ತೊಂದು ವರ್ಷ ಕಪ್ಪು ಸಮುದ್ರಕ್ಕೆ ಬಲೆ ಬಿಟ್ಟವನು
ಒಂದು ಮೀನಿಗೆ ಬೇಕಿತ್ತು ಎಂದು ಹೇಗೆ ಹೇಳಲಿ?
ಟ್ರಾಬ್ಝೋನಿನ ಬಂದರುಕೇರಿ ಚಿಕ್ಕದು, ಬಾಯಿ ದೊಡ್ಡದು.

ಮೊಮ್ಮಗಳು ತಂದಿಟ್ಟದ್ದು. ಹೆಸರು ಪಾಷಾ.
"ಈ ಬೇಸಿಗೆ ಕಳೆಯುವ ತನಕ, ತಾತ" ಎಂದಿದ್ದಳು ಇಪೆಕ್.
ಆಮೇಲೆ ಅವಳಿಗೆ ವಾಲಿಬಾಲ್ ಸಿಕ್ಕಿತು,
ನನಗೆ ಮೀನು ಉಳಿಯಿತು. ಆರು ಬೇಸಿಗೆ.

ಮೊದಲು ಓರೆಯಾಗಿ ಈಜಿದ.
ಸರಕು ಒಂದು ಬದಿಗೆ ಸರಿದಿದೆ, ಅಷ್ಟೇ, ಅಂದುಕೊಂಡೆ.
ಎರಡು ದಿನ ಉಪವಾಸ. ಮೂರನೆಯ ದಿನ
ಬಟಾಣಿ ಬೇಯಿಸಿ, ಸಿಪ್ಪೆ ಸುಲಿದು,
ಉಗುರಿನ ತುದಿಯಷ್ಟು ಚೂರು ಮಾಡಿ ಹಿಡಿದೆ.
ಹವ್ವಾ ಬಾಗಿಲಿಗೊರಗಿ ನಕ್ಕಳು:
"ನನ್ನ ಮಕ್ಕಳಿಗೆ ಒಂದು ಚಮಚ ಗಂಜಿ ತಿನ್ನಿಸಿದ್ದು ಕಾಣೆ."
ನಿಜ. ಅವಕ್ಕೆ ಹಲ್ಲು ಹುಟ್ಟುವಾಗ ನಾನು ನೀರಿನ ಮೇಲಿದ್ದೆ.

ಆಮೇಲೆ ಉಪ್ಪು.
ಗಡ್ಡದಲ್ಲಿ, ಬೂಟಿನಲ್ಲಿ, ಹಾಸಿಗೆಯಲ್ಲಿ ಉಪ್ಪು ಹೊತ್ತು ಬಂದವನು
ಚಾಕುವಿನ ಬೆನ್ನಿಂದ ಚಮಚ ಸಮ ಮಾಡುತ್ತ ಕೂತೆ.

ಹನ್ನೊಂದನೆಯ ರಾತ್ರಿ ಹೊಟ್ಟೆ ಊದಿ
ಹುರುಪೆಗಳು ಒಂದೊಂದಾಗಿ ಎದ್ದು ನಿಂತವು,
ಒಲೆಯ ಪಕ್ಕ ಇಟ್ಟ ಪೈನ್ ಕಾಯಿ ಬಿಚ್ಚಿಕೊಂಡ ಹಾಗೆ.
ಕಣ್ಣು ಮಾತ್ರ ನನ್ನ ಮೇಲೆ. ಮೀನಿಗೆ ರೆಪ್ಪೆಯಿಲ್ಲ, ಗೊತ್ತು;
ಅಂಥ ಕಣ್ಣುಗಳನ್ನು ಸಲಿಕೆಯಲ್ಲಿ ಬಾಚಿದ್ದೇನೆ.
ಅವು ಯಾರನ್ನೂ ನೋಡುತ್ತಿರಲಿಲ್ಲ.
ಅಥವಾ ನಾನು ಪೆಟ್ಟಿಗೆ ಎಣಿಸುತ್ತಿದ್ದೆ.

ಹಾಲಿನ ಬೋಗುಣಿಯಲ್ಲಿ ಅವನದೇ ನೀರು.
ಎಣ್ಣೆಯನ್ನು ಬಾಟಲಿಯಲ್ಲಿ ಕುಲುಕಿ, ಬೆಳ್ಳಗೆ ಮಾಡಿ,
ಸ್ವಲ್ಪ. ಮತ್ತೆ ಸ್ವಲ್ಪ.
ಅಡುಗೆಮನೆಯೆಲ್ಲ ಹಲ್ಲುನೋವಿನ ವಾಸನೆ.
ಕಿವಿರು ತೆರೆಯಿತು. ಮುಚ್ಚಿತು. ತೆರೆಯಿತು.
ಬೋಗುಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ,
ದೊಡ್ಡ ಅಲೆಯೇನಾದರೂ ಬಂದೀತೋ ಎಂಬಂತೆ.
ಬರಲಿಲ್ಲ.
ಉಳಿದದ್ದನ್ನೂ ಸುರಿದು, ಗಡಿಯಾರ ನೋಡುತ್ತ ಅರ್ಧ ಗಂಟೆ ಕೂತೆ;
ತಪ್ಪಿ ಎದ್ದುಬಿಟ್ಟರೆ ಎಂಬ ಭಯ, ಏಳಲಿ ಎಂಬ ಆಸೆ,
ಯಾವುದು ಯಾವುದೆಂದು ಕೇಳಬೇಡಿ.

ಹಿತ್ತಲಿನ ಹೇಝಲ್ ಗಿಡದ ಬುಡದಲ್ಲಿ ಹೂತು
ಬೆಕ್ಕು ಕೆದಕದಂತೆ ಮೇಲೊಂದು ಹಂಚು ಹೇರಿದೆ.

ರಾತ್ರಿಗೆ ಹಾಮ್ಸಿ ಮೀನು ಕರಿದಿದ್ದಳು,
ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ, ಗರಿಗರಿ.
ಬಾಣಲೆ ಹಿಡಿದು ನಿಂತಳು, ಬಡಿಸಲೋ ಬೇಡವೋ.
ತಿಂದೆ. ಹದಿನಾಲ್ಕು. ಮುಳ್ಳು ಸಮೇತ.

ಮಲಗುವ ಮುನ್ನ ಅವಳ ಕೈ
ಗಾಜಿನ ತೊಟ್ಟಿಯ ಮೋಟಾರಿನ ಗುಂಡಿಗೆ ಹೋಯಿತು.
"ಇರಲಿ ಬಿಡು" ಎಂದೆ.
ಎಂಜಿನ್ ನಿಂತರೆ ಎಚ್ಚರವಾಗುತ್ತದೆ ನನಗೆ,
ಹಳೆಯ ರೂಢಿ.